ಹೊಟ್ಟೆ ಮುಚ್ಚದ ಕೌದಿ

ಸಂಜೆ ಆರು ಆಗುತ್ತಲೇ ರೇಡಿಯೊದೊಳಗಿನ ಹೆಣ್ಣುದನಿ ಕರಿಕಟ್ಟಿ ಬ್ಯಾರೇಜಿನ ಹೆಸರು ಹೇಳುತ್ತಿತ್ತು. ಆಮೇಲೆ ರಾಗವಿಲ್ಲ, ಭಾವವಿಲ್ಲ. "ಉದ್ದ, ಗಿಡ್ಡ, ಗಿಡ್ಡ, ಉದ್ದ" ಎಂದು ಅರವತ್ನಾಲ್ಕು ಮಾತು, ಒಂದೊಂದರ ನಡುವೆ ಒಂದು ಹೊಲಿಗೆ ಹಾಕುವಷ್ಟು ಬಿಡುವು. ಆ ಹೊತ್ತಿಗೆ ಬಾಳವ್ವ ಮನೆಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಅಂಗೈಯಗಲದ ಬಟ್ಟೆಯ ತುಂಡನ್ನು ತೊಡೆಯ ಮೇಲೆ ಹರವಿಕೊಂಡು, ಸೂಜಿಗೆ ದಾರ ಪೋಣಿಸಿ ಕಾಯುತ್ತಿದ್ದಳು. ಉದ್ದ ಎಂದರೆ ಗೋದಿ ಕಾಳಿನಷ್ಟು ಉದ್ದದ ಹೊಲಿಗೆ. ಗಿಡ್ಡ ಎಂದರೆ ಸಾಸಿವೆಯಷ್ಟು. ಎಂಟು ಹೊಲಿಗೆಗೆ ಒಂದು ಸಾಲು, ಎಂಟು ಸಾಲಿಗೆ ಒಂದು ದಿನ. ಯುಗಾದಿಯಿಂದ ಯುಗಾದಿಗೆ ಒಂದು ಕೌದಿ.

ಅದು ಸರಕಾರದ ಕೆಲಸ. ಮೊದಮೊದಲು ಊರವರು ನಗುತ್ತಿದ್ದರು. "ಬಾಳವ್ವ ಕೌದಿ ಇಲಾಖೆದ ಸಾಹೇಬ್ಳಾಗ್ಯಾಳ, ನಮಸ್ಕಾರ ಮಾಡ್ರಿ" ಎನ್ನುತ್ತಿದ್ದರು. ನಕ್ಕವರೇ ಹಳೆಯ ಸೀರೆ, ಹರಿದ ಅಂಗಿ ತಂದು ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು. ಕೌದಿ ಅಂದಮೇಲೆ ನಾಲ್ಕು ಮನೆಯ ಬಟ್ಟೆ ಅದರಲ್ಲಿರಬೇಕು.

ಇದೆಲ್ಲ ಶುರುವಾದದ್ದು ಜನ 'ಸುಳ್ಳಿನ ವರ್ಷ' ಎಂದು ಕರೆಯುವ ಆ ವರ್ಷದ ನಂತರ. ಯಾರ ದನಿಯನ್ನಾದರೂ, ಯಾರ ಸಹಿಯನ್ನಾದರೂ, ಯಾವ ಕಚೇರಿಯ ಕಡತವನ್ನಾದರೂ ಮೊದಲಿನಿಂದಲೂ ಹಾಗೆಯೇ ಇತ್ತೆಂಬಂತೆ ತಿದ್ದಿಡಬಲ್ಲ ಯಂತ್ರಗಳು ಆ ವರ್ಷ ಕಂಡಕಂಡವರ ಕೈಗೆ ಬಂದಿದ್ದವು. ಶಾಲೆಯ ಮಾಸ್ತರರೊಬ್ಬರು ಬದುಕಿದ್ದೂ, ತಾವು ಸತ್ತಿಲ್ಲವೆಂದು ಹೇಳಲು ತಾಲೂಕು ಕಚೇರಿಯ ಮುಂದೆ ಹನ್ನೊಂದು ದಿನ ನಿಂತಿದ್ದರು. ಆಗ ತಿಳಿದವರು ಒಂದು ದಾರಿ ಕಂಡುಕೊಂಡರು. ಕಡತವನ್ನು ಲೆಕ್ಕದ ಯಂತ್ರಕ್ಕೆ ಹಾಕಿ ಬೀಸಿದರೆ ಅರವತ್ನಾಲ್ಕು ಉದ್ದಗಿಡ್ಡಗಳ ಒಂದು ಗುರುತು ಉದುರುತ್ತದೆ. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಗುರುತು ಇಟ್ಟುಕೊಂಡರೆ, ಯಾವತ್ತೋ ಒಂದು ದಿನ ಕಡತವನ್ನು ಮತ್ತೆ ಬೀಸಿ ಎರಡನ್ನೂ ತಾಳೆ ನೋಡಬಹುದು.

ಆದರೆ ಗುರುತನ್ನು ಎಲ್ಲಿಡುವುದು? ಯಂತ್ರದಲ್ಲಿಟ್ಟರೆ ಕಡತ ತಿದ್ದಿದವನು ಗುರುತನ್ನೂ ತಿದ್ದುತ್ತಾನೆ. ಕಾಗದದಲ್ಲಿಟ್ಟು ನೋಡಿದರು, ಕಾಗದಗಳೇ ಅದಲುಬದಲಾದವು. ಕೊನೆಗೆ ತಂತಿಯ ಗೊಡವೆಯೇ ಇಲ್ಲದ ಬಟ್ಟೆಗೆ ಬಂದರು. ಹಾಕಿದ ಹೊಲಿಗೆ ಬಿಚ್ಚಿದರೆ ಹಳೆಯ ಬಟ್ಟೆಯಲ್ಲಿ ತೂತು ಉಳಿಯುತ್ತದೆ. ಒಬ್ಬಳ ಕೈ ಇನ್ನೊಬ್ಬಳಿಗೆ ಬರುವುದಿಲ್ಲ. ಕರಿಕಟ್ಟಿ ಬ್ಯಾರೇಜಿನ ದಿನಚರಿಗೆ ಮೊದಲು ಮೂರು ಊರಲ್ಲಿ ಮೂರು ಕೌದಿ ಅಂದರು. ಆಮೇಲೆ ಒಂದೇ ಸಾಕೆಂದರು.

ಆ ದಿನಚರಿ ಬರೆಯುತ್ತಿದ್ದವನು ಬಾಳವ್ವನ ಗಂಡ, ಗೇಟ್ ಆಪರೇಟರ್ ಲಗಮಣ್ಣ. ಅವನು ಹೋಗಿ ಎರಡು ವರ್ಷದ ಮೇಲಾಗಿತ್ತು. ಊರವರು ಬಾಳವ್ವನ ಕಟ್ಟೆಗೆ ಹಳೆ ಬಟ್ಟೆ ತರುವುದನ್ನು ನಿಲ್ಲಿಸಿ ಮೂರು ವರ್ಷವಾಗಿತ್ತು.

ತಾಳೆ ಇಲಾಖೆಯ ಶಮಶಾದ್ ಮುಜಾವರ ಹತ್ತು ಗಂಟೆಯ ಬಸ್ಸಿಗೆ ಬಂದಳು. ನಲವತ್ತರ ಹೆಂಗಸು, ಹೆಗಲಿಗೆ ಒಂದು ಪೆಟ್ಟಿಗೆ, ಕೈಯಲ್ಲಿ ಭೂತಗನ್ನಡಿ. ಚಹಾ ಬೇಡವೆನ್ನಲಿಲ್ಲ. ಕುಡಿದು ಬಸಿಯನ್ನು ಕೆಳಗಿಟ್ಟು, "ಅಕ್ಕಾರ, ಮೂರು ವರ್ಷದ ಹಿಂದಿನ ಕೌದಿ ತೋರಸ್ರಿ" ಎಂದಳು.

"ಯಾಕ್ರಿ ಬಾಯಾರ? ಈ ವರ್ಷದ್ದು ಚಲೋ ಬಂದೈತಿ, ಅದನ್ನ ನೋಡ್ರಿ."

"ಚೀಟಿ ಎತ್ತೀವ್ರಿ. ಅದ ಬಂದೈತಿ. ಚೀಟಿ ಎತ್ತಿದ ಮ್ಯಾಲ ನನ್ನ ಕೈಯಾಗ ಏನಿಲ್ಲ."

ಬಾಳವ್ವ ಟ್ರಂಕಿನ ತಳದಿಂದ ಅದನ್ನು ತೆಗೆದಳು. ಕೌದಿಯನ್ನು ಅಂಚಿನಿಂದ ಹೊಲಿಯುತ್ತ, ಸುತ್ತು ಸುತ್ತು ಬಂದು ನಡುವಿಗೆ ಮುಗಿಸುತ್ತಾರೆ. ನಡುವೆ ಅಂಗೈಯಷ್ಟು ಜಾಗ ಕೊನೆಯವರೆಗೆ ಬಿಟ್ಟಿರುತ್ತಾರೆ. ಅದು ಕೌದಿಯ ಹೊಟ್ಟೆ. ಹೊಲಿದವರು ಅದರೊಳಗೊಂದು ರೊಟ್ಟಿಯ ಚೂರಿಟ್ಟು ಬಾಯಿ ಮುಚ್ಚುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಈ ಕೌದಿಯ ಹೊಟ್ಟೆ ತೆರೆದೇ ಇತ್ತು.

ಶಮಶಾದ್ ಅದನ್ನು ಗಮನಿಸಿದಳು. ಅಂಗಳದ ಬಿಸಿಲಿಗೆ ಕೌದಿ ಹರವಿ, ಮೊಣಕಾಲೂರಿ, ಕನ್ನಡಿ ಹಿಡಿದು ಯುಗಾದಿಯಿಂದ ಓದತೊಡಗಿದಳು. ಒಂದೊಂದು ತುಂಡಿಗೂ ಪೆಟ್ಟಿಗೆಯ ಯಂತ್ರ ಸಣ್ಣಗೆ ಟಿಕ್ಕೆಂದು ಹೌದೆನ್ನುತ್ತಿತ್ತು. ಎರಡನೆಯ ಸುತ್ತಿನಲ್ಲಿ ಅವಳ ಬೆರಳು ನಿಂತಿತು. ಮಾಸಿದ ಹೂವಿನ ಬಟ್ಟೆಯ ತುಂಡು, ಮೇಲೆ ಒಂದು ಹೊಲಿಗೆಯೂ ಇಲ್ಲ.

"ಮೇ ಹತ್ತೊಂಬತ್ತು. ಅವತ್ತು ಹೊಲದಿಲ್ಲೇನ್ರಿ?"

"ಇಲ್ರಿ."

"ಜಡ್ಡಿತ್ತೇನ್ರಿ?"

"ಊರಾಗ ಹೆಣ ಇತ್ರಿ."

ಊರಲ್ಲಿ ಹೆಣವಿದ್ದರೆ, ಅದು ಮಣ್ಣಿಗೆ ಹೋಗುವವರೆಗೆ ಯಾವ ಹೆಂಗಸೂ ಸೂಜಿ ಹಿಡಿಯುವುದಿಲ್ಲ. ಸತ್ತವರ ಬಾಯಿ ಹೊಲಿದಂತಾಗುತ್ತದೆ ಎನ್ನುತ್ತಾರೆ.

ಆ ಬೇಸಿಗೆ ಹೊಳೆ ಬತ್ತಿ, ಬ್ಯಾರೇಜಿನ ಕೆಳಗಿನ ಉಸುಕಿನಲ್ಲಿ ಎಂದಿನಂತೆ ಕಲ್ಲಂಗಡಿ, ಸೌತೆಯ ಬಳ್ಳಿ ಹಬ್ಬಿದ್ದವು. ಅಲ್ಲಿ ಬೆಳೆಯುವವರು ಬೆಳಿಗ್ಗೆ ಇಳಿಯುವಾಗ ಲಗಮಣ್ಣನ ಕೋಣೆಯ ಕಿಟಕಿಗೆ ಬಂದು ಹೆಸರು ಹೇಳಿ ಇಳಿಯಬೇಕು. ಅವನು ದಿನಚರಿಯಲ್ಲಿ ಬಂದ ಸಾಲಿನಂತೆ ಹೆಸರು ಬರೆದುಕೊಳ್ಳುತ್ತಿದ್ದ. ಸಂಜೆ ಹತ್ತಿ ಬಂದವರ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದ. ಯಾವ ಮೇಲಧಿಕಾರಿಯೂ ಹೇಳಿದ್ದಲ್ಲ ಇದು, ಅವನೇ ಮಾಡಿಕೊಂಡ ಪದ್ಧತಿ. ಮೇ ಹತ್ತೊಂಬತ್ತಕ್ಕೆ ಘಟ್ಟದ ಕಡೆ ಅಕಾಲದ ಮಳೆ ಸುರಿದು ಮಧ್ಯಾಹ್ನದ ಮೇಲೆ ಗೇಟು ತೆರೆದರು. ನೀರು ಬಿಡುವ ಮುನ್ನ ಎಚ್ಚರಿಸುವ ಭೋಂಗಾ ಕೂಗಲಿಲ್ಲ. ಉಸುಕಿನಲ್ಲಿದ್ದ ಮೂವರು ತೇಲಿಹೋದರು: ಮುದಕಪ್ಪನೆಂಬ ಮುದುಕ, ಲಕ್ಕವ್ವ, ಅವಳ ಗಂಡ ಪರಸಪ್ಪ. ವಿಚಾರಣೆಯವರು ಯಂತ್ರದಿಂದ ಆ ದಿನದ ದಿನಚರಿ ತೆಗೆದು ಓದಿದರು. ಅದರಲ್ಲಿ ಲಗಮಣ್ಣನ ಷರಾ ಹೀಗಿತ್ತು: "ಭೋಂಗಾ ಹಾಕಿದೆ. ಕೆಳಗೆ ಯಾರೂ ಇಲ್ಲ. ತೆರೆದೆ."

ಲಗಮಣ್ಣ ನಾನು ಹಾಗೆ ಬರೆದಿಲ್ಲ ಎಂದ. ಕೌದಿ ನೋಡಬಹುದಲ್ಲ ಎಂದ. ಕೌದಿಯಲ್ಲಿ ಆ ದಿನವೇ ಇರಲಿಲ್ಲ. ಸುಳ್ಳು ವರದಿ ಬರೆದು ಮೂವರನ್ನು ಕೊಂದವನೆಂದು ಕೆಲಸದಿಂದ ತೆಗೆದರು. ಉಂಡದ್ದು ಮೈಗೆ ಹತ್ತದೆ ಎಂಟು ತಿಂಗಳಲ್ಲಿ ಸತ್ತ. ಹೆಣ ಹೊರಲು ನಾಲ್ವರನ್ನು ಪಕ್ಕದ ಊರಿನಿಂದ ಕರೆಸಬೇಕಾಯಿತು.

"ನಾ ಅವತ್ತು ಸೂಜಿ ಹಿಡದಿದ್ರ," ಎಂದಳು ಬಾಳವ್ವ, ಮುಂದೆ ಹೇಳಲಿಲ್ಲ. ಮೂರು ವರ್ಷದಿಂದ ಆ ಮಾತನ್ನು ಅಲ್ಲಿಯವರೆಗೇ ಹೇಳುತ್ತ ಬಂದಿದ್ದಳು.

ಶಮಶಾದ್ ಖಾಲಿ ತುಂಡನ್ನು ಸವರಿದಳು. "ಅಕ್ಕಾರ, ಒಂದು ಕೇಳ್ತೀನಿ. ಇಲ್ಲೀತನ ಎರಡು ಕೈ ಅದಾವು. ಒಂದಿನದ ಹೊಲಿಗಿ ಬಲಕ್ಕ ವಾಲತಾವ, ಮರುದಿನದ್ದು ಎಡಕ್ಕ. ಬಟ್ಟೀನೂ ಹತ್ತು ನಮೂನಿ. ಇಲ್ಲಿಂದ ಮುಂದ ಒಂದ ಕೈ. ಬಟ್ಟೀನೂ ಬರೇ ಖಾಕಿ."

"ಖಾಕಿ ಅವರ ಅಂಗೀವು. ಬ್ಯಾರೆ ಬಟ್ಟಿ ಯಾರ ಕೊಡ್ತಾರ್ರಿ?"

"ಎಡಗೈ ಯಾರದು?"

"ಇದ್ಲು ಒಬ್ಬಾಕಿ."

"ಈಗ?"

"ಈಗೂ ಅದಾಳ." ಬಾಳವ್ವ ಓಣಿಯ ಆ ತುದಿಗೆ ಗದ್ದ ಎತ್ತಿ ತೋರಿಸಿದಳು. "ಬೋರವ್ವ ಅಂತ. ಪರಸಪ್ಪನ ಅವ್ವ."

ಬೋರವ್ವ ಶಮಶಾದಳನ್ನು ಬಾಗಿಲಿನಿಂದಲೇ ಅಟ್ಟಿದಳೆಂದು ಓಣಿಯವರೆಲ್ಲ ಸಂಜೆಯೊಳಗೆ ಮಾತಾಡಿಕೊಂಡರು. ಆದರೆ ಮರುದಿನ ಬೆಳಿಗ್ಗೆ ಬಾಳವ್ವ ಅಂಗಳಕ್ಕೆ ನೀರು ಹೊಡೆಯುತ್ತಿದ್ದಾಗ ಅವಳೇ ಬಂದಳು. ಮೂರು ವರ್ಷದಲ್ಲಿ ಮೊದಲ ಸಲ. ಒದ್ದೆ ನೆಲದ ಆಚೆಗೇ ನಿಂತಳು. ಊರ ಶಾಲೆಯ ಕೋಣೆಯಲ್ಲಿ ತಂಗಿದ್ದ ಶಮಶಾದ್ ಆಗಷ್ಟೇ ಬಂದು ಕಟ್ಟೆಯ ಮೇಲೆ ಪೆಟ್ಟಿಗೆ ತೆರೆಯುತ್ತಿದ್ದಳು.

"ಬಾಯಾರ, ನಾ ಇಕಿ ಸಲುವಾಗಿ ಬಂದಿಲ್ಲ," ಎಂದಳು ಬೋರವ್ವ. ಸೆರಗಿನ ಗಂಟು ಬಿಚ್ಚಿ, ನೀಲಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಕಟ್ಟೆಯ ಅಂಚಿಗಿಟ್ಟಳು. "ಇದನ್ನ ಮನ್ಯಾಗ ಇಟ್ಕೊಳ್ಳಾಕೂ ಆಗವಲ್ದು, ಒಲಿಗೆ ಹಾಕಾಕೂ ಆಗವಲ್ದು."

ಶಮಶಾದ್ ಬಿಚ್ಚಿದಳು. ನೀಲಿ ಬಟ್ಟೆಯೊಳಗೆ ಅಂಗೈಯಗಲದ ಒಂದು ಬಿಳಿ ತುಂಡು. ಎಂಟು ಸಾಲು, ಸಾಲಿಗೆ ಎಂಟು, ಎಡಕ್ಕೆ ವಾಲಿದ ಹೊಲಿಗೆ.

ಬಾಳವ್ವನ ಕೈಯಿಂದ ತಂಬಿಗೆ ಜಾರಿತು.

"ಅವತ್ತು ಇಕಿ ಪಾಳಿ," ಬೋರವ್ವ ಶಮಶಾದಳಿಗೇ ಹೇಳುತ್ತಿದ್ದಳು. "ಆರ ಆತು, ಬರಲಿಲ್ಲ. ಬ್ಯಾರೇಜಿನ ಕಡೆ ಹೋಗ್ಯಾಳಂದ್ರು. ಯಾಕಂತ ಯಾರೂ ನನಗ ಹೇಳಲಿಲ್ಲ. ನನ್ನ ಮಗ ಸಿಗೂತನಾ ಹೇಳಬಾರದಂತ ಮಾತಾಡ್ಕೊಂಡಿದ್ರು. ರೇಡಿಯೊದಾಗ ಶುರುವಾತು. ತಪ್ಪಿದ್ರ ಇಕಿಗೆ ಸಾಹೇಬ್ರು ಬೈತಾರಂತ ನಾನ ಹೊಲದ್ನಿ. ಹೊಲದು ಮುಗಿಸಿ ಹಲ್ಲಲೆ ದಾರ ಕಡದ್ನಿ. ಅವಾಗ ಬಂದ್ರು ಹೇಳಾಕ." ಬಿಚ್ಚಿದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಮಗ ನೀರಾಗ ಬಿದ್ದಿದ್ದ ಬಾಯಾರ. ನಾ ಸೂಜಿ ಹಿಡದು ಕುಂತಿದ್ನಿ."

"ಬೋರಕ್ಕಾ," ಎಂದಳು ಬಾಳವ್ವ.

"ನೀ ಮಾತಾಡಬ್ಯಾಡ."

ಮೂಲ ದಿನಚರಿ ನೋಡಲು ಶಮಶಾದ್, ಬಾಳವ್ವ ಇಬ್ಬರೂ ಹೋದ ಬ್ಯಾರೇಜಿನ ಕೋಣೆಯಲ್ಲಿ ಲಗಮಣ್ಣ ಕೂರುತ್ತಿದ್ದ ಕುರ್ಚಿ ಹಾಗೆಯೇ ಇತ್ತು. ಕಾಲೊಂದಕ್ಕೆ ಅವನೇ ಕಟ್ಟಿದ್ದ ತಂತಿಯೂ ಇತ್ತು. ಈಗಿನ ಆಪರೇಟರ್ ಎದ್ದು ಬಾಳವ್ವನಿಗೆ ಕೂರಲು ಹೇಳಿದ. ಅವಳು ನೆಲದ ಮೇಲೆ ಕೂತಳು. ಕಿಟಕಿಯಾಚೆ ಹೊಳೆ ಬತ್ತಿ ಉಸುಕು ಹೊಳೆಯುತ್ತಿತ್ತು. ಈಗ ಯಾರೂ ಅಲ್ಲಿ ಬಳ್ಳಿ ಹಾಕುತ್ತಿರಲಿಲ್ಲ.

ಶಮಶಾದ್ ಬಿಳಿ ತುಂಡನ್ನು ಕನ್ನಡಿಯಡಿ ಹಿಡಿದಳು. ಮೊದಲು ತೂತು ನೋಡಿದಳು. ಬಿಚ್ಚಿ ಹೊಲಿದ ಗುರುತಿರಲಿಲ್ಲ. ಆಮೇಲೆ ಹೊಲಿಗೆ ಓದಿ ಪೆಟ್ಟಿಗೆಗೆ ಹಾಕಿ, ಆ ದಿನದ ದಿನಚರಿಯನ್ನು ಬೀಸಿದಳು. ತೆರೆಯ ಮೇಲೆ ಎರಡು ಗುರುತುಗಳು ಒಂದರ ಕೆಳಗೊಂದು ಬಂದವು. ಓದಲು ಬಾರದ ಬಾಳವ್ವನಿಗೂ ಅವು ಬೇರೆ ಬೇರೆ ಎಂದು ಗೊತ್ತಾಯಿತು.

"ಬದಲಾಗೈತಿ," ಎಂದಳು ಶಮಶಾದ್. "ಆರು ಗಂಟೆ ಆದಮ್ಯಾಲ ಯಾರೋ ತಿದ್ದ್ಯಾರ."

"ಅಂದ್ರ ಅವರು ಬರದಿದ್ದು ಇದಲ್ಲ."

"ಇದಲ್ರಿ."

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು: "ಮತ್ತ ಏನ ಬರದಿದ್ರು ಅಂತ ಹೇಳ್ತೈತೇನ್ರಿ ಇದು?"

"ಹೇಳೂದಿಲ್ರಿ. ಹಿಟ್ಟು ನೋಡಿ ಕಾಳು ಎಂಥಾದಿತ್ತು ಅಂತ ಹೇಳಾಕ ಬರ್ತೈತೇನು? ಹಂಗ ಇದು." ಶಮಶಾದ್ ಕನ್ನಡಕ ತೆಗೆದು ಒರೆಸಿದಳು. "ಬರೇ ಬದಲಾಗೈತಿ ಅಂತ ನಾ ಬರದ್ರ ಬ್ಯಾರೇಜ್ ಮಂಡಳಿಯವರು ಏನಂತಾರ ಗೊತ್ತೇನು? ತನ್ನ ತಪ್ಪು ಮುಚ್ಚಾಕ ಲಗಮಣ್ಣನ ತಿದ್ದ್ಯಾನ ಅಂತಾರ. ಸತ್ತವ್ನ ಮ್ಯಾಲ ಇನ್ನೊಂದು ತಪ್ಪು ಕೂಡಸ್ತಾರ."

"ದಾರಿ ಇಲ್ಲೇನ್ರಿ?"

"ಐತಿ. ಅವರು ಬರದಿದ್ದು ಹಿಂಗಿತ್ತು ಅಂತ ನಾವು ಹೇಳಬೇಕು. ಹೌದಿದ್ರ ಇದು ಹೌದಂತೈತಿ, ಇಲ್ಲಾಂದ್ರ ಇಲ್ಲ. ಹೊತ್ತು, ನೀರಿನ ಮಟ್ಟ ಎಲ್ಲಾ ಅಳತಿ ಯಂತ್ರದ್ದು, ಅದರಾಗ ಬದಲಿಲ್ಲ. ಷರಾ ಒಂದ ತಿದ್ದ್ಯಾರ. ಚುಕ್ಕಿ ಎಲ್ಲಿ, ಜಾಗ ಎಲ್ಲಿ ಅಂತ ಯಂತ್ರನ ಲಕ್ಷ ನಮೂನಿ ಹಾಕಿ ನೋಡ್ತೈತಿ. ಮಾತು ಮಾತ್ರ ಅವರದ ಆಗಬೇಕು. ಅವರು ಹೆಂಗ ಬರೀತಿದ್ರು ನಿಮಗ ಗೊತ್ತಲ್ರಿ?"

ಗೊತ್ತಿಲ್ಲದೆ ಏನು. ಇಪ್ಪತ್ತೆರಡು ವರ್ಷ ಪ್ರತಿ ರಾತ್ರಿ ಉಣ್ಣುವಾಗ ಲಗಮಣ್ಣ ಅಂದು ಬರೆದ ಷರಾವನ್ನು ಅಕ್ಷರ ತಪ್ಪದೆ ಹೇಳುತ್ತಿದ್ದ. 'ನಾಲ್ಕನೇ ಗೇಟಿಗೆ ಎಣ್ಣೆ ಹಾಕಿದೆ. ಕೊಕ್ಕರೆ ಗೂಡು ತೆಗೆಯಲಿಲ್ಲ.' 'ಮುದಕಪ್ಪ ಸೌತೆಕಾಯಿ ಕೊಟ್ಟ, ಹಿಂದಕ್ಕೆ ಕೊಟ್ಟೆ.' "ಹಿಂದಕ್ಯಾಕ ಕೊಟ್ರಿ, ಪಲ್ಯಾಕ್ಕ ಆಗ್ತಿತ್ತು" ಎಂದು ಇವಳು ಬೈಯುತ್ತಿದ್ದಳು. ಎರಡೇ ಮಾತಿನ ಬರಹ ಅವನದು. ಒಂದು ಮಾತು ಹೆಚ್ಚಿಲ್ಲ.

"ನಾಳಿಗೆ ಹೇಳ್ತೀನ್ರಿ," ಎಂದು ಬಾಳವ್ವ ಎದ್ದಳು.

ಮನೆಗೆ ಬಂದು ಜೋಳ ಹಸನು ಮಾಡಲು ಕೂತಳು. ಮೊರದಲ್ಲಿ ಕಾಳು ಮೇಲೆ ಹಾರಿ ಕೆಳಗೆ ಬೀಳುತ್ತಿತ್ತು. ಹೊಟ್ಟು ಅಂಗಳದಾಚೆ ಹೋಗುತ್ತಿತ್ತು. ಬೇಕೆಂದರೆ ಅವಳು ಕೋಣೆಯಲ್ಲಿ ಕೂತಲ್ಲೇ ಹೇಳಬಹುದಿತ್ತು. ಆ ಷರಾ ಅವಳಿಗೆ ಗೊತ್ತಿತ್ತು.

ಆ ರಾತ್ರಿ ಲಗಮಣ್ಣ ಉಣ್ಣಲಿಲ್ಲ, ಏನೂ ಹೇಳಲಿಲ್ಲ. ಗಂಟಲು ಕಿತ್ತುಹೋಗಿತ್ತು. ಗೇಟಿನ ಗುಂಡಿ ಒತ್ತಿ, ದಂಡೆಯುದ್ದಕ್ಕೂ ಓಡುತ್ತ, ಕೂಗುತ್ತ ಎರಡು ಮೈಲಿ ಹೋಗಿದ್ದನಂತೆ. ಏಳು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಇವಳು ಗಂಜಿ ಕುಡಿಸುತ್ತಿದ್ದಾಗ, ಅವನು ಬಟ್ಟಲು ಸರಿಸಿ ಹಳೆಯ ರೂಢಿಯಂತೆ ಆ ದಿನದ ಷರಾ ಹೇಳಿದ. "ಕೆಳಗೆ ಮೂವರು. ಭೋಂಗಾ ಕೆಟ್ಟು ಒಂಬತ್ತು ದಿನ. ಮೇಲೆ ಹೇಳಿದೆ. ತೆರೆ ಎಂದರು. ತೆರೆದೆ." ನಡುವೆ ಹೆಸರುಗಳನ್ನು ಬಿಟ್ಟ; ಬಾಯಿಗೆ ಬರಲಿಲ್ಲವೇನೋ. "ಹತ್ತು ನಿಮಿಷ ಕೊಡ್ರಿ, ಎಬ್ಬಿಸ್ಕೊಂಡು ಬರ್ತೀನಿ ಅಂದ್ನಿ. ಕೊಡಲಿಲ್ಲ. ಕೊಡದಿದ್ರ ನಾ ಒತ್ತಬಾರದಿತ್ತು. ಒತ್ತಿದ್ನಿ. ಇದನ್ನ ಬೋರಕ್ಕಗ ಹೇಳಬ್ಯಾಡ."

ಊರು ಲಗಮಣ್ಣನನ್ನು ಬೇಜವಾಬ್ದಾರಿ ಎಂದು ಬೈಯುತ್ತಿತ್ತು: ನೋಡದೆ ಬರೆದ, ನೋಡದೆ ತೆರೆದ ಎಂದು. ನೋಡಿಯೂ ತೆರೆದ ಎಂದು ಯಾರಿಗೂ ಗೊತ್ತಿರಲಿಲ್ಲ. ಅದು ಒಬ್ಬಳಿಗೇ ಗೊತ್ತಿತ್ತು.

ಮರುದಿನ ಕೋಣೆಗೆ ಹೋದರೆ ಬೋರವ್ವ ಆಗಲೇ ಅಲ್ಲಿ ಕೂತಿದ್ದಳು, ಬಾಗಿಲಿನ ಆ ಬದಿಗೆ. ಅವತ್ತು ಯಾರ ಹಿಂದೆ ಯಾರು ಇಳಿದರೆಂಬ ಹೆಸರುಗಳ ಸಾಲು ಗೊತ್ತಿರುವವಳು ಅವಳೊಬ್ಬಳೇ ಎಂದು ಶಮಶಾದ್ ಕರೆಸಿದ್ದಳು.

"ನನ್ನ ಮಗನ ಹೆಸರು ಅದರಾಗ ಇತ್ತೋ ಇಲ್ಲೋ ನೋಡಬೇಕು. ಅಷ್ಟ," ಎಂದಳು ಬೋರವ್ವ. "ಯಾರೂ ಇಲ್ಲ ಅಂತ ಬರದಾರಲ್ಲ. ಹುಟ್ಟ ಇಲ್ಲೇನೋ ಅಂವ ಅನ್ನುವಂಗ."

ಬಾಳವ್ವ ಈ ಬದಿಗೆ ಕೂತಳು. ಕೌದಿ ಹೊಲಿಯುವಾಗಲೂ ಹೀಗೇ ಕೂರುತ್ತಿದ್ದರು, ಎದುರುಬದುರು; ನಡುವೆ ಬಟ್ಟೆ ಇರುತ್ತಿತ್ತು.

"ಹೇಳ್ರಿ ಅಕ್ಕಾರ."

ಬಾಳವ್ವ ಶುರುಮಾಡಿದಳು. "ಹಿಂಗ ಬರದಿರತಾರ್ರಿ. 'ಕೆಳಗೆ ಮೂವರು. ತೆರೆಯುವುದಿಲ್ಲ ಎಂದೆ. ಮೇಲಿನವರೇ ತೆರೆದರು.'"

ಶಮಶಾದ್ ಹಾಕಿದಳು. ಯಂತ್ರ ಲಕ್ಷ ನಮೂನೆಯಲ್ಲಿ ಬೀಸಿ ಇಲ್ಲವೆಂದಿತು.

"'ಕೆಳಗೆ ಮೂವರು. ಹತ್ತಿ ಬರಲು ಹೇಳಿದೆ. ಬಂದರು ಎಂದುಕೊಂಡು ತೆರೆದೆ.'"

ಇಲ್ಲ.

"'ಕಾಣಲಿಲ್ಲ. ತೆರೆದೆ.'"

ಇಲ್ಲ.

"ಹೆಸರು ಹಾಕಬೇಕಲ್ರಿ," ಎಂದು ಶಮಶಾದ್ ಬೋರವ್ವನ ಕಡೆ ತಿರುಗಿದಳು. "ಆಯಿ, ಅವತ್ತು ಯಾರ ಮೊದಲ ಇಳದ್ರು?"

"ಲಕ್ಕವ್ವ. ಆಮ್ಯಾಲ ಮುದಕಪ್ಪಣ್ಣ."

"ಪರಸಪ್ಪ ಹೆಂಡ್ತಿ ಸಂಗಾಟ ಹೋಗಲಿಲ್ಲೇನು?"

"ಹೊಂಟಿದ್ದ. ರೊಟ್ಟಿ ಗಂಟು ಬಿಟ್ಟು ಹೊಂಟಿದ್ದ. ನಾನ ಕೂಗಿ ಕರದ್ನಿ. ತಿರುಗಿ ಬಂದು ಒಯ್ದ." ಬೋರವ್ವ ತನ್ನ ಎಡಗೈಯನ್ನು ನೋಡಿಕೊಂಡಳು. "ಅಂವ ಕೊನೆಗೆ."

ಆ ಸಾಲಿನಲ್ಲಿ ಹೆಸರು ಹಾಕಿ ಶಮಶಾದ್ ಬಾಳವ್ವ ಹೇಳಿದ ಮೂರನ್ನೂ ಮತ್ತೆ ಬೀಸಿದಳು. ಇಲ್ಲ, ಇಲ್ಲ, ಇಲ್ಲ. ಬಾಳವ್ವ ಇನ್ನೂ ನಾಲ್ಕು ಹೇಳಿದಳು. ಒಂದಕ್ಕಿಂತ ಒಂದರಲ್ಲಿ ಲಗಮಣ್ಣ ಒಳ್ಳೆಯವನಾಗುತ್ತ ಹೋದ. ಒಂದರಲ್ಲಂತೂ ತಾನೇ ನೀರಿಗೆ ಹಾರಿದ. ಈಗಿನ ಆಪರೇಟರ್ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದ.

"ಅಕ್ಕಾರ," ಶಮಶಾದ್ ಮೆಲ್ಲಗೆ ಹೇಳಿದಳು, "ಇದಕ್ಕ ಕನಿಕರ ಇಲ್ರಿ. ಇದ್ದದ್ದನ್ನಷ್ಟ ಒಪ್ತೈತಿ. ಇವತ್ತು ಆಗಲಿಲ್ಲಾಂದ್ರ ನಾ 'ಬದಲಾಗೈತಿ' ಅಂತಷ್ಟ ಬರದು ಸಂಜಿ ಬಸ್ಸಿಗೆ ಹೋಗಬೇಕು."

ಬಾಳವ್ವ ತಂತಿ ಕಟ್ಟಿದ ಕುರ್ಚಿಯ ಕಾಲನ್ನು ನೋಡುತ್ತ ಕೂತಳು. ಹೇಳಿದರೆ ಅವನು ಸುಳ್ಳು ಬರೆದವನಲ್ಲ ಎಂದಾಗುತ್ತದೆ. ಆ ಮೇಲಿನವರ ಹೆಸರು ಹೊರಗೆ ಬರುತ್ತದೆ. ಹೇಳಿದರೆ ಎದುರಿಗೆ ಕೂತವಳಿಗೂ ಗೊತ್ತಾಗುತ್ತದೆ. ಹೇಳದಿದ್ದರೆ ಅವನು ಕೊಟ್ಟ ಕೊನೆಯ ಕೆಲಸ ನಡೆಸಿದಂತೆ, ಮತ್ತು ಅವನು ಸುಳ್ಳುಗಾರನಾಗಿಯೇ ಉಳಿದಂತೆ. ಇಪ್ಪತ್ತೆರಡು ವರ್ಷ ಒಂದು ಷರಾದಲ್ಲಿ ಒಂದು ಮಾತು ಸುಳ್ಳು ಬರೆಯದವನು.

ಅವಳು ತಲೆಯೆತ್ತಲಿಲ್ಲ. ಗಂಡ ಹೇಳುತ್ತಿದ್ದ ದನಿಯಲ್ಲೇ, ಉಣ್ಣುವ ಹೊತ್ತಿನ ದನಿಯಲ್ಲಿ, ಹೇಳಿದಳು.

"ಕೆಳಗೆ ಮೂವರು. ಲಕ್ಕವ್ವ, ಮುದಕಪ್ಪ, ಪರಸಪ್ಪ. ಭೋಂಗಾ ಕೆಟ್ಟು ಒಂಬತ್ತು ದಿನ. ಮೇಲೆ ಹೇಳಿದೆ. ತೆರೆ ಎಂದರು. ತೆರೆದೆ."

ಶಮಶಾದ್ ಒತ್ತಿದಳು. ಯಂತ್ರ ಬೀಸಿತು. ತೆರೆಯ ಮೇಲೆ ಮೇಲಿನ ಸಾಲಿನ ಕೆಳಗೆ ಇನ್ನೊಂದು ಸಾಲು ಬಂತು, ಉದ್ದದ ಕೆಳಗೆ ಉದ್ದ, ಗಿಡ್ಡದ ಕೆಳಗೆ ಗಿಡ್ಡ, ಅರವತ್ನಾಲ್ಕಕ್ಕೆ ಅರವತ್ನಾಲ್ಕು. ಪೆಟ್ಟಿಗೆ ಸಣ್ಣಗೆ ಟಿಕ್ಕೆಂದಿತು, ಉಳಿದ ಯಾವ ದಿನಕ್ಕೂ ಅನ್ನುವ ಹಾಗೆಯೇ.



"ಅಂವಗ ಗೊತ್ತಿತ್ತು," ಎಂದಳು ಬೋರವ್ವ.

"ಗೊತ್ತಿತ್ತು."

"ನಿನಗೂ ಗೊತ್ತಿತ್ತು."

"ಆಮ್ಯಾಲ ಹೇಳಿದ್ರು. ನಿನಗ ಹೇಳಬ್ಯಾಡ ಅಂದಿದ್ರು."

ಬೋರವ್ವ ಗೋಡೆ ಹಿಡಿದು ಎದ್ದಳು. ಕಿಟಕಿಯ ಹತ್ತಿರ ಹೋಗಿ ಉಸುಕನ್ನು ನೋಡುತ್ತ ನಿಂತಳು. ಆಮೇಲೆ ಆ ಕಿಟಕಿಯ ಕಟ್ಟಿಗೆಯನ್ನು ಸವರಿದಳು. ಮಗ ಹೆಸರು ಹೇಳಿ ಇಳಿದುಹೋದ ಕಿಟಕಿ.

"ಹೆಸರು ಬರದಾನ," ಎಂದಳು. "ಬರದು ತೆರದಾನ."

ಆ ಮಧ್ಯಾಹ್ನವೇ ಶಮಶಾದ್ ವರದಿ ಬರೆದು, ಇಬ್ಬರ ಹೆಬ್ಬೆಟ್ಟು ಒತ್ತಿಸಿಕೊಂಡಳು. ಆದೇಶ ಕೊಟ್ಟವರು ಯಾರು, ಆರು ಗಂಟೆಯ ನಂತರ ಕಡತ ಮುಟ್ಟಿದವರು ಯಾರು ಎಂದು ಇನ್ನು ಕೇಳಲೇಬೇಕಾಗುತ್ತದೆ, ಲಗಮಣ್ಣನವರ ಮೇಲಿನ ಸುಳ್ಳು ವರದಿಯ ಮಾತು ತೆಗೆಯಲೇಬೇಕಾಗುತ್ತದೆ ಎಂದಳು. ಬಾಳವ್ವ ಹೂಂಗುಟ್ಟಿದಳು. ಮೂರು ವರ್ಷ ಕಾದ ಮಾತು ಕಿವಿಗೆ ಬಿದ್ದು ಎತ್ತಲೋ ಹೋಯಿತು.

"ಇನ್ನೊಂದು ಕೆಲಸ ಉಳದೈತಿ. ತುಂಡು ಕೌದಿಗೆ ಸೇರಬೇಕು. ಹೊಲದಾಕಿ ಕೈಲೆನ ಸೇರಬೇಕು, ಹಂಗ ನಿಯಮ ಐತಿ," ಎಂದಳು ಶಮಶಾದ್ ಬೋರವ್ವನಿಗೆ, ಕೇಳಿಕೊಳ್ಳುವವಳಂತೆ.

ಬೋರವ್ವ ಬಂದಳು. ಈ ಸಲ ಅಂಗಳ ದಾಟಿ ಕಟ್ಟೆಯ ಮೇಲೆ ಕೂತಳು. ಬಿಳಿ ತುಂಡನ್ನು ಖಾಲಿ ಜಾಗದ ಮೇಲಿಟ್ಟು ಅಂಚು ಮಡಿಚಿ ಎಡಗೈಯಿಂದ ಹೊಲಿಯತೊಡಗಿದಳು. ಬಾಳವ್ವ ಆ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ಬಟ್ಟೆ ಸುಕ್ಕಾಗದಂತೆ. ಹಿಂದೆಯೂ ಹಾಗೇ ಹಿಡಿಯುತ್ತಿದ್ದಳು.

"ಮೂರ ವರ್ಷ ಅಂವಗ ಗೊತ್ತಿರಲಿಲ್ಲ ಅಂತ ಬೈದ್ನಿ," ಎಂದಳು ಬೋರವ್ವ, ಹೊಲಿಗೆಯಿಂದ ಕಣ್ಣೆತ್ತದೆ. "ಎದ್ದರೂ ಬೈದ್ನಿ, ಕುಂತರೂ ಬೈದ್ನಿ. ಇನ್ನ ಏನಂತ ಬೈಲಿ?"

ಬಾಳವ್ವ ಸಡಿಲಾದ ತುದಿಯನ್ನು ಮತ್ತೆ ಬಿಗಿಹಿಡಿದಳು.

ನಾಲ್ಕೂ ಅಂಚು ಮುಗಿದು ಬೋರವ್ವ ಹಲ್ಲಿನಿಂದ ದಾರ ಕಡಿದಳು. ಬಾಳವ್ವ ಒಳಗೆ ಹೋಗಿ ಬುಟ್ಟಿಯಿಂದ ಒಂದು ರೊಟ್ಟಿಯ ಚೂರು ತಂದಳು. ಆ ವರ್ಷದ ಕೌದಿಯ ಹೊಟ್ಟೆ ಮುಚ್ಚಲು ಈಗ ಅಡ್ಡಿಯಿರಲಿಲ್ಲ. ಅಂಗೈ ಚಾಚಿದಳು. ಬೋರವ್ವ ಆ ಚೂರನ್ನು ನೋಡಿದಳು. ತೆಗೆದುಕೊಂಡಳು. ಕೌದಿಯೊಳಗೆ ಇಡಲಿಲ್ಲ, ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿಕೊಂಡಳು.

"ಹೊಟ್ಟಿ ಮುಚ್ಚೂದಿಲ್ಲೇನ ಬೋರಕ್ಕಾ?"

"ಇರ್ಲಿ. ಇದು ಹಿಂಗ ಇರ್ಲಿ."

ಎದ್ದು ಹೊರಟಳು. ಓಣಿಯಲ್ಲಿ ತನ್ನ ಮನೆಯ ಕಡೆ ತಿರುಗಲಿಲ್ಲ. ಹೊಳೆಯ ಕಡೆಗೆ, ಉಸುಕಿಗೆ ಇಳಿಯುವ ದಾರಿಯಲ್ಲಿ ಹೋದಳು. ಬಾಳವ್ವ ಅವಳ ಬೆನ್ನು ಮರೆಯಾಗುವವರೆಗೆ ನೋಡಿದಳು.

ಬಸ್ಸು ಶಮಶಾದಳನ್ನು ಹತ್ತಿಸಿಕೊಂಡು ಹೋಯಿತು. ಬಿಸಿಲು ಇಳಿಯಿತು. ಬಾಳವ್ವ ಕೌದಿ ಮಡಿಚಲು ಎತ್ತಿದಾಗ ಕಟ್ಟೆಯ ಅಂಚಿಗೆ ಆ ನೀಲಿ ಬಟ್ಟೆ ಬಿದ್ದಿತ್ತು, ಮೂರು ವರ್ಷ ಗುರುತಿನ ತುಂಡನ್ನು ಸುತ್ತಿಟ್ಟಿದ್ದ ಬಟ್ಟೆ. ಬಿಚ್ಚಿದಳು. ಅಂಗಿಯ ತೋಳು. ಗುಂಡಿಯಿರಬೇಕಾದಲ್ಲಿ ಎಡಕ್ಕೆ ವಾಲಿದ ಎರಡು ಹೊಲಿಗೆ. ಪರಸಪ್ಪನ ಅಂಗಿ. ಮರೆತು ಹೋದಳೋ, ಬಿಟ್ಟು ಹೋದಳೋ ತಿಳಿಯಲಿಲ್ಲ. ಹೊಳೆಯ ಕಡೆ ತಿರುಗಿ, ಕೂಗಿ ಕರೆಯಬೇಕೆಂದು ಬಾಯಿ ತೆರೆದಳು. ಕೂಗಿ ಕರೆದದ್ದರ ಕಥೆ ನೆನಪಾಗಿ ಸುಮ್ಮನಾದಳು.

ಆರಾಯಿತು. ರೇಡಿಯೊ ಕರಿಕಟ್ಟಿಯ ಹೆಸರು ಹೇಳಿತು. ಕತ್ತರಿಸಿಟ್ಟ ಖಾಕಿ ತುಂಡುಗಳ ಗಂಟು ಪಕ್ಕದಲ್ಲಿತ್ತು. ಬಾಳವ್ವ ಅದನ್ನು ಬಿಚ್ಚಲಿಲ್ಲ. ನೀಲಿ ತೋಳನ್ನು ತೊಡೆಯ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೀಡಿ, ಸೂಜಿ ಎತ್ತಿಕೊಂಡಳು.

"ಗಿಡ್ಡ," ಎಂದಿತು ರೇಡಿಯೊ.